ಏಣಿ, ಆಲಿಕಲ್ಲು, ಹಗ್ಗ

ಫೋಟೊದಲ್ಲಿ ಸಮುದ್ರ ಕಾಣಬಾರದು ಎಂದು ಬ್ರಿಜೆಟ್ ಹೇಳಿದ್ದಳು. ಮನೆಯ ನಂಬರು, ಅಂಗಡಿಯ ಬೋರ್ಡು, ಬಸ್ಸಿನ ಹಣೆಯ ಮೇಲಿನ ಹೆಸರು, ಯಾವುದೂ ಕಾಣಬಾರದು. ಮಕ್ಕಳ ಇಲಾಖೆಯಲ್ಲಿ ಇಪ್ಪತ್ತು ವರ್ಷ ಸವೆದ ಹೆಂಗಸು. ಒಂದು ಮಾತನ್ನು ಮೂರು ಸಲ ಹೇಳದೆ ಬಿಡುತ್ತಿರಲಿಲ್ಲ. ಲಿಂಡ್ಸೆ ಅದನ್ನೆಲ್ಲ ಹಾಳೆಯ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅವಳ ಅತ್ತೆ ಥೆಲ್ಮಾ ಹಾಲು ತೆಗೆಯುವಾಗಲೆಲ್ಲ ಅದನ್ನು ಮೇಲಿನಿಂದ ಕೆಳಗೆ ಓದುತ್ತಿದ್ದಳು. ಎಪ್ಪತ್ತೊಂದು ವರ್ಷದ ಥೆಲ್ಮಾ ಮನೆಯಿಂದ ಹೊರಟ ಮೇಲೆ ಗ್ಯಾಸ್ ಆರಿಸಿದೆನೇ ಇಲ್ಲವೇ ಎಂದು ಎರಡು ಸಲ ಹಿಂದಿರುಗುವವಳು. ಈ ಮನೆಯಲ್ಲಿ ಏನಾದರೂ ತಪ್ಪಾಗುವುದಿದ್ದರೆ ಅದು ತನ್ನ ಕೈಯಿಂದ ಆಗದಿರಲಿ ಎಂಬುದೊಂದೇ ಅವಳ ಪ್ರಾರ್ಥನೆಯಾಗಿತ್ತು.

ಇಲಾಖೆ ದತ್ತು ಕೊಡಲೆಂದು ಕಳಿಸಿದ್ದ ಮೇಸಿ ಬಂದು ಐದು ವಾರವಾಗಿತ್ತು. ಒಂದೂವರೆ ವರ್ಷದ ಹುಡುಗಿ. ಬಂದ ದಿನ ತನ್ನ ಬೂಟು ಬಿಚ್ಚಲು ಬಿಡದೆ ಬೂಟಿನಲ್ಲೇ ಮಲಗಿತ್ತು. ಈಗ ಬೆಳಿಗ್ಗೆ ಎದ್ದ ಕೂಡಲೇ ತಾನೇ ಬೂಟು ಹುಡುಕಿ ತಂದು ಕ್ರೇಗ್‌ನ ತೊಡೆಯ ಮೇಲಿಡುತ್ತಿತ್ತು. ಥೆಲ್ಮಾಳ ಮಗ ಕ್ರೇಗ್, ಸಮುದ್ರದೊಳಗಿನ ಗಾಳಿಯಂತ್ರಗಳಿಗೆ ಕೆಲಸಗಾರರನ್ನು ಒಯ್ಯುವ ದೋಣಿಯಲ್ಲಿ ಕೆಲಸಕ್ಕಿದ್ದ. ದಂತವೈದ್ಯರ ಬಳಿ ಕೆಲಸಕ್ಕಿದ್ದ ಅವನ ಹೆಂಡತಿ ಲಿಂಡ್ಸೆ ಮಗುವಿಗಾಗಿ ರಜೆ ಹಾಕಿದ್ದಳು. ಮೂರು ಸಲ ಅವಳ ಬಸಿರು ನಿಲ್ಲದೆ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಗು ಬಂದ ದಿನದಿಂದ ಎಲ್ಲರೂ ಥೆಲ್ಮಾಳನ್ನು ಅಲ್ಲಿಯ ರೂಢಿಯಂತೆ 'ನ್ಯಾನ್' ಎನ್ನತೊಡಗಿದ್ದರು, ಅಜ್ಜಿ ಎಂದು. ಹದಿನಾಲ್ಕು ವರ್ಷ ಹೆಸರು ಹಿಡಿದು ಕರೆದಿದ್ದ ಲಿಂಡ್ಸೆಯೂ.

ಒಂದು ಮಂಗಳವಾರ, ಕೊಚ್ಚಿದ ಮಾಂಸದ ಸಾರು, ಅದರ ಮೇಲೆ ಬೆಂದ ಹಿಟ್ಟಿನ ಉಂಡೆ ತಟ್ಟೆಗೆ ಬೀಳುವ ಹೊತ್ತಿಗೆ ಕ್ರೇಗ್ ಕೇಳಿದ.

"ಹಂಗಾದ್ರೆ ಈಗ ಇವಳು ಯಾರ ಮಗಳು?"

"ಕಾಗದದಲ್ಲಿ ಇನ್ನೂ ಹೆತ್ತವಳದ್ದೇ, ಆ ಕರ್ಸ್ಟಿದು" ಎಂದಳು ಲಿಂಡ್ಸೆ. "ಹತ್ತು ವಾರ ನಮ್ಮ ಜೊತೆ ಇದ್ದ ಮೇಲೆ ನಾವು ಕೋರ್ಟಿಗೆ ದತ್ತು ಅರ್ಜಿ ಹಾಕ್ಬಹುದು. ಆಮೇಲೆ ಅವಳಿಗೆ ನೋಟಿಸ್ ಹೋಗುತ್ತೆ. ಅವಳು ತಕರಾರು ಎತ್ಬೇಕು ಅಂದ್ರೂ ಮೊದಲು ಜಡ್ಜ್ ಹತ್ರ ಅನುಮತಿ ಕೇಳ್ಬೇಕು. ನನ್ನ ಬದುಕು ಬದಲಾಗಿದೆ ಅಂತ ತೋರಿಸ್ಬೇಕು."

"ಬದಲಾಗಿದ್ರೆ?"

ಲಿಂಡ್ಸೆ ಮಗುವಿನ ಉಂಡೆಯನ್ನು ನಾಲ್ಕು ತುಂಡು ಮಾಡಿದಳು, ಆಮೇಲೆ ಎಂಟು.

"ನಮ್ಮ ಹೆಸರು ಅವಳಿಗೆ ಗೊತ್ತಾಗುತ್ತಾ?" ಎಂದಳು ಥೆಲ್ಮಾ.

"ಇಲ್ಲ ನ್ಯಾನ್. ಕಾಗದದಲ್ಲಿ ಹೆಸರಿನ ಜಾಗಕ್ಕೆ ಬರೀ ನಂಬರು ಇರುತ್ತೆ."

"ಜೈಲಿನಲ್ಲಿ ಇದ್ದಂಗೆ" ಎಂದ ಕ್ರೇಗ್.

"ತಮಾಷೆ ಸಾಕು. ತಿಂದಾಯ್ತಲ್ಲ, ತಟ್ಟೆ ತೊಳಿ ಹೋಗು."

ಹೆತ್ತವಳಿಗೆ ವರ್ಷಕ್ಕೊಂದು ಪತ್ರ, ಒಂದು ಫೋಟೊ ಇಲಾಖೆಯ ಮೂಲಕ ಹೋಗಬೇಕೆಂಬ ಒಪ್ಪಂದವಿತ್ತು, ಮಗು ಯಾವ ಊರಲ್ಲಿದೆ ಎಂದು ಮಾತ್ರ ಅವಳಿಗೆ ತಿಳಿಯಬಾರದು. ಮೊದಲ ಫೋಟೊ ಆ ಶನಿವಾರ ತೆಗೆದರು. ಥೆಲ್ಮಾ ಮಗುವನ್ನು ಹಿತ್ತಲ ಬಿಳಿಗೋಡೆಯ ಮುಂದೆ ಕೂರಿಸಿದಳು. ಕಿಟಕಿಯಲ್ಲಿ ಕಾಣುತ್ತಿದ್ದ ದೋಣಿಯ ಗೊಂಬೆಯನ್ನು ಎತ್ತಿಟ್ಟಳು. ಒಗೆದ ಬಟ್ಟೆಯಲ್ಲಿ ಕ್ರೇಗ್‌ನ ಕಂಪನಿಯ ಅಂಗಿ ಇತ್ತು, ಅದನ್ನೂ ತೆಗೆದಳು. ಎಲ್ಲ ಸರಿಯಾದ ಮೇಲೆ, ಆ ತಾಯಿಗೂ ಮಗು ಚೆನ್ನಾಗಿ ಕಾಣಲಿ ಎಂದು, ಮೂರು ವಾರ ಕೂತು ಹೆಣೆದಿದ್ದ ಹೊಸ ಗ್ಯಾನ್ಸಿಯನ್ನು ತೊಡಿಸಿದಳು.

ಗ್ಯಾನ್ಸಿ ಎಂದರೆ ಮೀನುಗಾರರ ಕಡುನೀಲಿ ಸ್ವೆಟರ್. ಟೇಪು ಹಿಡಿದರೆ ನಿಲ್ಲದ ಮಗುವನ್ನು ಥೆಲ್ಮಾ ನೂಲು ಹಿಡಿದೇ ಅಳೆದಿದ್ದಳು. ಎದೆಯ ಮೇಲೆ ಏಣಿ, ಅದರ ಪಕ್ಕ ಆಲಿಕಲ್ಲು, ನಡುವೆ ತಿರುಚಿದ ಹಗ್ಗ. ಅವಳಿಗೆ ಬೇರೆ ಹೆಣಿಗೆ ಬರುತ್ತಲೇ ಇರಲಿಲ್ಲ. ಅವಳಮ್ಮ ಹೆಣೆದದ್ದೂ ಅದೇ. ಉತ್ತರಕ್ಕೆ ಆರು ಮೈಲಿ ಹೋದರೆ ಏಣಿ ಇಲ್ಲ, ದಕ್ಷಿಣಕ್ಕೆ ಹೋದರೆ ಹಗ್ಗದ ಬದಲು ಬಾಣ. ಆ ಕರಾವಳಿಯಲ್ಲಿ ಊರಿಗೊಂದು ಹೆಣಿಗೆ. ಥೆಲ್ಮಾ ಏಳು ವರ್ಷದವಳಿದ್ದಾಗ ಅವಳಪ್ಪ ಮುಳುಗಿದ. ನಲವತ್ತು ಮೈಲಿ ಆಚೆ ಮರಳಿನ ಮೇಲೆ ಸಿಕ್ಕ ಮುಖವಿಲ್ಲದ ದೇಹದ ಎದೆಯ ಮೇಲಿನ ಹೆಣಿಗೆಯನ್ನು ಯಾರೋ ಒಬ್ಬ ಹೆಂಗಸು ನೋಡಿ, ಇವನು ಇಂಥ ಊರಿನವನು ಎಂದು ತಂತಿ ಕೊಡಿಸಿದಳು. ಅಪ್ಪ ಹಾಗೆ ಮನೆಗೆ ಬಂದ.

ಫ್ರಿಜ್ಜಿನ ಹಾಳೆಯಲ್ಲಿ ಸ್ವೆಟರಿನ ಮಾತು ಇರಲಿಲ್ಲ. ಬ್ರಿಜೆಟ್ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದಳು. "ಗೋಡೆ ಬಿಟ್ಟು ಏನೂ ಇಲ್ಲ. ತುಂಬಾ ಚೆನ್ನಾಗಿದೆ" ಎಂದು ಚೀಲಕ್ಕೆ ಹಾಕಿಕೊಂಡಳು.

ಹತ್ತು ವಾರ ತುಂಬಿದ ಮರುದಿನವೇ ಲಿಂಡ್ಸೆ ಅರ್ಜಿ ಹಾಕಿದಳು. ಮೇ ತಿಂಗಳು ಬಂತು.

ಗುರುವಾರ ಗುರುವಾರ ಊರಿನ ಪುಟ್ಟ ಚರ್ಚಾದ ಚಾಪೆಲಿನಲ್ಲಿ ಊರಿನ ಹೆಂಗಸರು ಸೂಪು, ಬ್ರೆಡ್ಡು ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದರು. ಥೆಲ್ಮಾಳದು ಬಟ್ಟಲು ತೊಳೆಯುವ ಸರದಿ. ಅರವತ್ತರ ಆಸುಪಾಸಿನ, ಮಳೆಕೋಟು ತೊಟ್ಟ ಒಬ್ಬ ಹೆಂಗಸು ತನ್ನ ಬಟ್ಟಲನ್ನು ತಾನೇ ತಂದುಕೊಟ್ಟು, ಅಲ್ಲೇ ನಿಂತಳು.

"ಉಣ್ಣೆ ಅಂಗಡಿಯವರು ಹೇಳಿದ್ರು, ಈ ಊರಲ್ಲಿ ಈಗ್ಲೂ ಏಣಿ-ಆಲಿಕಲ್ಲು ಹೆಣೆಯೋದು ಇಬ್ರೇ ಅಂತೆ. ಒಬ್ರಿಗೆ ಕಣ್ಣು ಕಾಣಲ್ಲ."

"ಇನ್ನೊಬ್ಳು ನಾನು" ಎಂದಳು ಥೆಲ್ಮಾ ನಗುತ್ತ. "ಯಾಕೆ, ಹೆಣೆಸ್ಬೇಕಿತ್ತಾ?"

ಹೆಂಗಸು ತಲೆ ಅಲ್ಲಾಡಿಸಿದಳು. ಚೀಲದಿಂದ ಫೋಟೊ ತೆಗೆದು ಒದ್ದೆ ಬಟ್ಟಲುಗಳ ಪಕ್ಕ ಇಟ್ಟಳು. ಬಿಳಿಗೋಡೆ. ಮೇಸಿ. ಏಣಿ, ಆಲಿಕಲ್ಲು, ಹಗ್ಗ.

ಥೆಲ್ಮಾಳ ಕೈಯಿಂದ ನೊರೆ ತೊಟ್ಟಿಕ್ಕುತ್ತಲೇ ಇತ್ತು.

"ಹೆದರ್ಕೋಬೇಡಿ" ಎಂದಳು ಹೆಂಗಸು ತಗ್ಗಿದ ದನಿಯಲ್ಲಿ. "ನಾನು ಐರೀನ್. ಕರ್ಸ್ಟಿಯ ತಾಯಿ. ನಮ್ಮಮ್ಮ ಹೆರಿಂಗ್ ಮೀನಿನ ಹಿಂದೆ ಊರೂರು ಅಲೀತಾ ಮೀನು ಸೀಳ್ತಿದ್ದವಳು. ಯಾವ ಊರಿನ ಹೆಣಿಗೆ ಯಾವ್ದು ಅಂತ ನಮಗೆ ಬಾಯಿಪಾಠ ಮಾಡಿಸಿದ್ಲು. ಫೋಟೊ ನೋಡಿದ ತಕ್ಷಣ ಗೊತ್ತಾಗ್ಹೋಯ್ತು. ಗೊತ್ತಾಗ್ಬಾರ್ದಿತ್ತು. ಎರಡು ತಿಂಗಳು ತಡ್ಕೊಂಡೆ."

"ನಿಮ್ಮ ಮಗಳಿಗೆ ಗೊತ್ತಾ?"

"ಇಲ್ಲ. ಅವಳು ಹೆಣಿಗೆ ಕಡ್ಡಿ ಮುಟ್ಟಿದವಳಲ್ಲ. ನಾನೂ ಹೇಳಿಲ್ಲ, ಹೇಳೋದೂ ಇಲ್ಲ."

"ನಿಮಗೇನು ಬೇಕು?"

"ಒಂದ್ಸಲ ನೋಡ್ಬೇಕು. ಮುಟ್ಟಲ್ಲ. ನಾನು ಯಾರು ಅಂತ ಹೇಳಲ್ಲ. ನಾನೇ ಇಟ್ಕೊಳ್ತೀನಿ ಅಂತ ಕೇಳಿದ್ದೆ ಇಲಾಖೆಯವರನ್ನ. ನನ್ನ ಎದೆ ಸರಿ ಇಲ್ಲ, ಮನೆಗೆ ಮಗಳು ಬಂದು ಹೋಗಿ ಮಾಡ್ತಾಳೆ, ಆಗಲ್ಲ ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ ಬಿಡಿ."

ಇಲ್ಲ ಎನ್ನಬೇಕಿತ್ತು. ಅಲ್ಲಿಂದಲೇ ಬ್ರಿಜೆಟ್‌ಗೆ ಫೋನು ಮಾಡಬೇಕಿತ್ತು. ಬಟ್ಟಲು ಒರೆಸುತ್ತ ಥೆಲ್ಮಾಳಿಗೆ ನೆನಪಾದದ್ದು ಮರಳಿನ ಮೇಲೆ ಬಗ್ಗಿ ತನ್ನಪ್ಪನ ಎದೆ ನೋಡಿದ ಆ ಹೆಂಗಸು. ಅವಳು ಮುಖ ತಿರುಗಿಸಿ ಹೋಗಬಹುದಿತ್ತಲ್ಲ.

"ಮುಂದಿನ ಗುರುವಾರ, ದೋಣಿ ಇಳಿಸೋ ಜಾಗದ ಹತ್ರ ಬೆಂಚಿದೆ" ಎಂದಳು. "ಹನ್ನೊಂದಕ್ಕೆ. ಒಂದೇ ಸಲ."

ಆ ಗುರುವಾರ ಲಿಂಡ್ಸೆ ಹಲ್ಲಿನ ಡಾಕ್ಟರ ಬಳಿಗೆ, ರಜೆಯ ಕಾಗದಕ್ಕೆ ಸಹಿ ಹಾಕಲು ಹೋಗಿದ್ದಳು. ಥೆಲ್ಮಾ ಮಗುವನ್ನು ತಳ್ಳುಗಾಡಿಯಲ್ಲಿ ಕರೆತಂದಾಗ ಐರೀನ್ ಬೆಂಚಿನ ಒಂದು ತುದಿಗೆ ಆಗಲೇ ಕೂತಿದ್ದಳು. ಥೆಲ್ಮಾ ಇನ್ನೊಂದು ತುದಿಗೆ ಕೂತಳು. ಗ್ಯಾನ್ಸಿ ತೊಟ್ಟಿದ್ದ ಮೇಸಿ ಗಾಡಿಯಿಂದಿಳಿದು ಕಲ್ಲು ಆರಿಸಿ ಒಂದೊಂದನ್ನೇ ತಂದು ಇಬ್ಬರಿಗೂ ಹಂಚಿತು. ಥೆಲ್ಮಾಳಿಗೊಂದು, ಐರೀನಳಿಗೊಂದು. ಐರೀನ್ ಕಲ್ಲು ಇಸಿದುಕೊಳ್ಳುವಾಗ ಬೆರಳು ತಾಗದ ಹಾಗೆ ಅಂಗೈಯನ್ನು ಅಗಲಿಸಿ ಹಿಡಿದಳು.

"ತೋಳು ಉದ್ದ ಬಿಟ್ಟಿದ್ದೀರಿ" ಎಂದಳು.

"ಬೆಳೀತಾಳಲ್ಲ. ಎರಡು ಚಳಿಗಾಲ ಬರ್ಬೇಕು ಅಂತ ಮಡಚಿದೀನಿ."

"ನೂಲಲ್ಲಿ ಅಳೆದ್ರಾ?"

"ಇನ್ನೇನು, ಟೇಪು ಕಂಡ್ರೆ ಓಡ್ತಾಳೆ."

"ನಮ್ಮಮ್ಮನೂ ಹಂಗೇ. ಪ್ರತಿ ಹುಟ್ಟುಹಬ್ಬಕ್ಕೆ ನಮ್ಮ ಉದ್ದದ ನೂಲು ಕತ್ತರಿಸಿ ಡಬ್ಬಿಲಿ ಇಡ್ತಿದ್ಲು." ಐರೀನ್ ಕಲ್ಲುಗಳನ್ನು ಮಡಿಲಲ್ಲಿ ಜೋಡಿಸಿದಳು. "ವರ್ಷಕ್ಕೊಂದು ಫೋಟೊ ಬರುತ್ತೆ. ಎಷ್ಟು ಎತ್ತರ ಆದ್ಲು ಅಂತ ಕಂಡ್ರೆ ಸಾಕು ನನಗೆ. ಇನ್ನು ಈ ಕಡೆ ಬರಲ್ಲ."

ಬಸ್ಸು ಬಂತು. ಐರೀನ್ ಐದು ಕಲ್ಲನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ.

ಜೂನ್ ಮೂರನೆಯ ವಾರ ವಕೀಲರ ಪತ್ರ ಬಂತು. ಕರ್ಸ್ಟಿ ಮಗು ಕೈತಪ್ಪಲು ಕಾರಣವಾದ ಅಮಲಿನ ಚಟವನ್ನು ಎಂಟು ತಿಂಗಳಿಂದ ಬಿಟ್ಟಿದ್ದಾಳೆ, ಬೇಕರಿಯಲ್ಲಿ ಕೆಲಸ ಹಿಡಿದಿದ್ದಾಳೆ, ದತ್ತುಸ್ವೀಕಾರಕ್ಕೆ ತಕರಾರು ಎತ್ತಲು ಅನುಮತಿ ಕೇಳಿದ್ದಾಳೆ. ಲಿಂಡ್ಸೆ ಪತ್ರವನ್ನು ನಿಂತೇ ಓದಿದಳು. ಒಲೆಯ ಮೇಲೆ ಶುಕ್ರವಾರದ ಮೀನು ಕರಕಲಾಗುತ್ತಿತ್ತು. ಥೆಲ್ಮಾ ಹೋಗಿ ಆರಿಸಿದಳು.

"ಎಂಟು ತಿಂಗಳು ಯಾವ ಲೆಕ್ಕ" ಎಂದ ಕ್ರೇಗ್. "ಜಡ್ಜ್ ಕೊಡಲ್ಲ ಬಿಡು."

"ಕೊಟ್ರೂ, ಅವರು ಇಲ್ಲಿಗಂತೂ ಬರಕ್ಕಾಗಲ್ಲ" ಎಂದಳು ಲಿಂಡ್ಸೆ. "ನಾವು ಯಾರು, ಎಲ್ಲಿದೀವಿ, ಏನೂ ಗೊತ್ತಿಲ್ಲ ಅವರಿಗೆ. ಅದೊಂದು ಧೈರ್ಯ ನನಗೆ."

ಥೆಲ್ಮಾ ಕೈಯಲ್ಲಿದ್ದ ತವಾವನ್ನು ಕೆಳಗಿಟ್ಟಳು.

"ಗೊತ್ತು" ಎಂದಳು.

"ಏನು ಗೊತ್ತು?"

"ಅವಳಿಗಲ್ಲ. ಅವಳ ತಾಯಿಗೆ. ಗ್ಯಾನ್ಸಿ ನೋಡಿ ಗುರುತು ಹಿಡಿದ್ಲು. ಚಾಪೆಲಿಗೆ ಬಂದಿದ್ಲು. ಆಮೇಲೆ... ಒಂದ್ಸಲ ಮಗುನ ತೋರಿಸ್ದೆ."

ಮೇಸಿ ಎತ್ತರದ ಕುರ್ಚಿಯಲ್ಲಿ ಕೂತು ಚಮಚ ಬಡಿಯುತ್ತಿತ್ತು.

"ಅಮ್ಮಾ" ಎಂದ ಕ್ರೇಗ್. "ನೀನು ಹೆಣೆದಿದ್ದು ಸ್ವೆಟರ್ ಅಲ್ಲ ಕಣೇ. ಊರಿನ ಬೋರ್ಡು."

"ಫ್ರಿಜ್ಜಿನ ಮೇಲೆ ಇರ್ಲಿಲ್ಲ ಕಣೋ..."

"ತೋರ್ಸಿ ಅಂತ ಇತ್ತಾ ಫ್ರಿಜ್ಜಿನ ಮೇಲೆ?" ಲಿಂಡ್ಸೆಯ ದನಿ ಏರಿತು. "ಸ್ವೆಟರ್ ಗೊತ್ತಿಲ್ದೇ ಮಾಡಿದ್ರಿ, ಆಯ್ತು. ಬೆಂಚು? ಅದೂ ಗೊತ್ತಿಲ್ದೇನಾ? ನನ್ನ ಮಗುನ ಗಾಡೀಲಿ ಕೂರಿಸ್ಕೊಂಡು ಹೋಗಿ ಕೊಟ್ರಲ್ಲ, ಥೆಲ್ಮಾ!"

ಹೆಸರು ಮತ್ತೆ ಹಿಂದಿರುಗಿತ್ತು. ಥೆಲ್ಮಾಳಿಗೆ ಬೈಗುಳಕ್ಕಿಂತ ಅದು ಹೆಚ್ಚು ತಾಗಿತು.

"ಬ್ರಿಜೆಟ್‌ಗೆ ಹೇಳ್ಬೇಕು" ಎಂದಳು.

"ಏನೂ ಹೇಳಕೂಡ್ದು!" ಲಿಂಡ್ಸೆ ಮಗುವನ್ನು ಕುರ್ಚಿಯಿಂದ ಎತ್ತಿಕೊಂಡಳು, ಮಗುವಿನ ಕೈಯ ಮೀನು ಅವಳ ಕೂದಲಿಗೆ ಮೆತ್ತಿತು. "ಇವರ ಮನೆ ಭದ್ರ ಇಲ್ಲ ಅಂತ ಬರ್ಕೊಂಡು ಎತ್ಕೊಂಡು ಹೋಗ್ತಾರೆ. ತೀರ್ಪಿಗೆ ಇನ್ನು ಐದು ವಾರ. ಐದು ವಾರ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಮಗೆ?"

ಥೆಲ್ಮಾ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದಳು. ಆಲೂಗೆಡ್ಡೆ ಸುಲಿದಳು, ಬಟ್ಟೆ ಒಣಹಾಕಿದಳು, ಗ್ಯಾಸನ್ನು ನಾಲ್ಕು ನಾಲ್ಕು ಸಲ ನೋಡಿದಳು. ಯಾವತ್ತಾದರೂ ಈ ಮಾತು ಹೊರಬಿದ್ದರೆ ಮುಚ್ಚಿಟ್ಟವಳು ಲಿಂಡ್ಸೆ ಎಂದಾಗುತ್ತದೆ. ಕೋರ್ಟಿನಲ್ಲಿ ಕೈಯೆತ್ತಿ ಪ್ರಮಾಣ ಮಾಡಬೇಕಾದವಳೂ ಅವಳೇ. ಹೇಳಿದರೆ ಮಗು ಹೋಗಬಹುದು. ಹೇಳದಿದ್ದರೆ ಎಂದೋ ಒಂದು ದಿನ ಹೋಗಬಹುದು. ಎರಡರಲ್ಲಿ ಯಾವುದು ಸರಿ ಎಂದು ಥೆಲ್ಮಾಳಿಗೆ ಕೊನೆಯವರೆಗೂ ನಿಶ್ಚಯವಾಗಲಿಲ್ಲ. ಬ್ರಿಜೆಟ್ ಬಂದ ದಿನ, ಲಿಂಡ್ಸೆ ಮಗುವನ್ನು ಮಲಗಿಸಲು ಮೇಲೆ ಹೋಗಿದ್ದಾಗ, ಚಹಾದ ಕಪ್ಪನ್ನು ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

"ಮಗ ಸೊಸೆ ಇಬ್ರಿಗೂ ನಾನು ಹೇಳಿದ್ದೇ ಈಚೆಗೆ. ತಪ್ಪು ನಂದು. ಬರ್ಕೊಳ್ಳಿ, ನಂದು ಅಂತ ಬರ್ಕೊಳ್ಳಿ."

ಬ್ರಿಜೆಟ್ ಫೈಲಿನಿಂದ ಫೋಟೊದ ಪ್ರತಿ ತೆಗೆದು ಮತ್ತೆ ನೋಡಿದಳು. "ನಾನೂ ನೋಡಿದ್ದೆ" ಎಂದಳು. "ಗೋಡೆ ಮಾತ್ರ ನೋಡಿದ್ದೆ." ಚಹಾ ಕುಡಿಯದೆ ಎದ್ದು ಹೋದಳು.

ಮುಂದಿನ ಮೂರು ವಾರ ಆ ಮನೆಯಲ್ಲಿ ಎಲ್ಲರೂ ಉಂಡರು, ಎಲ್ಲರೂ ಒಟ್ಟಿಗೆ ಉಣ್ಣಲಿಲ್ಲ. ಲಿಂಡ್ಸೆ ತನಗೂ ಮಗುವಿಗೂ ಐದಕ್ಕೇ ಬಡಿಸಿಕೊಂಡು ಮೇಲೆ ಹೋಗುತ್ತಿದ್ದಳು. ಕ್ರೇಗ್ ಬಂದು ತಾಯಿಯ ಎದುರು ಕೂತು ತಿಂದು, "ನಾನೇನು ಹೇಳ್ಲಿ ಅಮ್ಮಾ, ನೀನು ಸರಿ, ಅವಳೂ ಸರಿ" ಎಂದು ತಟ್ಟೆ ತೊಳೆಯುತ್ತಿದ್ದ. ಇಲಾಖೆಯ ಮೇಲಧಿಕಾರಿ ಬಂದು ಬಾಗಿಲುಗಳ ಚಿಲಕ ನೋಡಿದ. ಮಗುವನ್ನು ಬೇರೆಡೆಗೆ ಒಯ್ಯಬೇಕೇ ಎಂಬ ಸಭೆ ಎರಡು ಸಲ ನಡೆಯಿತು. ಸಭೆಯ ದಿನ ಲಿಂಡ್ಸೆ ಮಗುವಿನ ಬಟ್ಟೆಗಳನ್ನೆಲ್ಲ ತೆಗೆದು ಇಸ್ತ್ರಿ ಮಾಡಿ ಮತ್ತೆ ಒಳಗಿಟ್ಟಳು.

ಬ್ರಿಜೆಟ್ ಐರೀನಳ ಮನೆಗೂ ಹೋಗಿದ್ದಳು. ಐರೀನ್ ಒಂದನ್ನೂ ಮುಚ್ಚಿಡದೆ ಒಪ್ಪಿಕೊಂಡಿದ್ದಳು. ಮಗಳಿಗೆ ಊರಿನ ಹೆಸರು ಹೇಳಿಲ್ಲ ಎಂಬುದೂ ನಿಜವೇ ಆಗಿತ್ತು. ಇನ್ನು ಆ ಊರಿಗೆ ಕಾಲಿಡುವುದಿಲ್ಲ ಎಂದು ಬರೆದುಕೊಟ್ಟಳಂತೆ. ಬರೆಯುವಾಗ, "ಆ ಅಜ್ಜಿಗೆ ತೊಂದರೆ ಕೊಡ್ಬೇಡಿ" ಎಂದಳಂತೆ.

ಮಗುವನ್ನು ಒಯ್ಯಲಿಲ್ಲ. ಜುಲೈ ಕೊನೆಯಲ್ಲಿ ನ್ಯಾಯಾಧೀಶರು, ಕರ್ಸ್ಟಿಯ ಪ್ರಯತ್ನ ಮೆಚ್ಚತಕ್ಕದ್ದು, ಆದರೆ ಈ ಮಗು ಇನ್ನು ಕಾಯಲಾರದು ಎಂದು ಅನುಮತಿ ನಿರಾಕರಿಸಿದರು. ಅದೇ ವಾರ ದತ್ತು ಆದೇಶವೂ ಆಯಿತು. ಮೇಸಿಗೆ ಕ್ರೇಗ್‌ನ ಮನೆಹೆಸರು ಬಂತು. ಆದೇಶದ ಜೊತೆ ಬ್ರಿಜೆಟ್ ಇನ್ನೊಂದು ಮಾತು ತಂದಳು.

"ವರ್ಷಕ್ಕೊಂದು ಪತ್ರ ಇರುತ್ತೆ. ಆದ್ರೆ ಫೋಟೊ ಇಲ್ಲ. ಇನ್ನು ಯಾವತ್ತೂ."

"ನಾನು ಹೇಳಿದ್ದಕ್ಕಾ?" ಎಂದಳು ಥೆಲ್ಮಾ.

ಬ್ರಿಜೆಟ್ ಸುಳ್ಳು ಹೇಳುವವಳಲ್ಲ. "ಹೌದು" ಎಂದಳು.

ಲಿಂಡ್ಸೆ ಆ ಸಂಜೆ ಕೇಕು ಕತ್ತರಿಸಿ ಎಲ್ಲರಿಗೂ ಕೊಟ್ಟಳು. ಥೆಲ್ಮಾಳಿಗೂ ಒಂದು ತುಂಡು. "ತಗೊಳ್ಳಿ, ಥೆಲ್ಮಾ." ಕೇಕು ಚೆನ್ನಾಗಿತ್ತು. ಥೆಲ್ಮಾ ಅರ್ಧ ತಿಂದು, ಉಳಿದದ್ದನ್ನು ಯಾರೂ ಕಾಣದ ಹಾಗೆ ಹಕ್ಕಿಗಳಿಗೆ ಹಾಕಿದಳು. ಮರುದಿನ ಗ್ಯಾನ್ಸಿಯನ್ನು ಮಡಿಲಲ್ಲಿಟ್ಟುಕೊಂಡು ಕತ್ತಿನಿಂದ ಬಿಚ್ಚತೊಡಗಿದಳು. ಮಡಚಿದ ತೋಳು ಇನ್ನೂ ಮಡಚಿದಂತೆಯೇ ಇತ್ತು. ಹಗ್ಗ ಹೋಯಿತು, ಆಲಿಕಲ್ಲು ಹೋಯಿತು, ಕೊನೆಗೆ ಏಣಿ.

"ಬಿಚ್ಚಿ ಅಂತ ನಾನು ಹೇಳಿರ್ಲಿಲ್ಲ" ಎಂದಳು ಲಿಂಡ್ಸೆ ಬಾಗಿಲಲ್ಲಿ ನಿಂತು.

"ಗೊತ್ತು."

ಆ ಚಳಿಗಾಲಕ್ಕೆ ಮೇಸಿ ಅಂಗಡಿಯಿಂದ ತಂದ ಕೆಂಪು ಕೋಟು ತೊಟ್ಟಿತು.

ಫೆಬ್ರವರಿಯಲ್ಲಿ ಪತ್ರ ಬರೆಯುವ ದಿನ ಬಂತು. ಲಿಂಡ್ಸೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಬರೆಯುತ್ತ, ಹೊಡೆದುಹಾಕುತ್ತ ಕೂತಿದ್ದಳು. ಥೆಲ್ಮಾ ಗಜ್ಜರಿ ಹೆಚ್ಚುತ್ತಿದ್ದಳು.

"ಆರೋಗ್ಯವಾಗಿದಾಳೆ, ಬಟಾಣಿ ತಿನ್ನಲ್ಲ, ನಾಯಿ ಕಂಡ್ರೆ ಇಷ್ಟ" ಎಂದು ಲಿಂಡ್ಸೆ ಓದಿದಳು. "ಇಷ್ಟೇ ಆಗಿದೆ. ಸಮುದ್ರ ಬರೆಯೋ ಹಂಗಿಲ್ಲ. ಅವಳು ದಿನಾ ಹೋಗೋದೇ ಅಲ್ಲಿಗೆ, ಇನ್ನೇನು ಬರೀಲಿ?"

"ಎತ್ತರ ಬರೀಬಹುದಾ?"

"ಬರೀಬಹುದು. ಎಂಬತ್ತೊಂಬತ್ತು ಸೆಂಟಿಮೀಟರ್."

ಥೆಲ್ಮಾ ಚಾಕು ಕೆಳಗಿಟ್ಟಳು. ಕೈ ಒರೆಸಿಕೊಂಡು ಹೋಗಿ ಹೆಣಿಗೆಯ ಬುಟ್ಟಿಯಿಂದ ಕಡುನೀಲಿ ಉಂಡೆಯನ್ನು ತಂದು ಮೇಜಿನ ಮೇಲಿಟ್ಟಳು. ಬಿಚ್ಚಿದ ನೂಲು, ಏಣಿ ಆಲಿಕಲ್ಲುಗಳ ಸುಕ್ಕು ಇನ್ನೂ ಅದರಲ್ಲಿತ್ತು.

"ಐರೀನಳಿಗೆ ಎತ್ತರ ಒಂದೇ ಬೇಕಿತ್ತು" ಎಂದಳು. "ಬೆಂಚಿನ ಮೇಲೆ ಹೇಳಿದ್ಲು. ನೂಲಲ್ಲಿ ಅಳೀತಿದ್ರಂತೆ ಅವರ ಮನೇಲೂ. ಬೇಡ ಅಂದ್ರೆ ಬೇಡ."

ಲಿಂಡ್ಸೆ ಉಂಡೆಯನ್ನು ನೋಡಿದಳು. ಪೆನ್ನನ್ನು ಮುಚ್ಚಿದಳು, ತೆರೆದಳು. ಒಲೆಯ ಮೇಲಿನ ಪಾತ್ರೆ ಕುದಿ ಬಂದು ಉಕ್ಕಿತು, ಇಬ್ಬರೂ ಏಳಲಿಲ್ಲ.

"ಮೇಸಿ" ಎಂದು ಲಿಂಡ್ಸೆ ಕೂಗಿದಳು. "ಬಾ ಇಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ಕೋ. ಬೂಟು ಬಿಚ್ಚು."

"ಬೂಟು ಬೇಕು."

"ಒಂದು ನಿಮಿಷ ಪುಟ್ಟಿ. ಆಮೇಲೆ ಹಾಕ್ಕೊಳ್ಳುವಂತೆ."

ಥೆಲ್ಮಾ ಮೊಣಕಾಲೂರಿ ನೂಲಿನ ತುದಿಯನ್ನು ಹಿಮ್ಮಡಿಯ ಬಳಿ ಒತ್ತಿ ಹಿಡಿದಳು. ಲಿಂಡ್ಸೆ ಇನ್ನೊಂದು ತುದಿಯನ್ನು ಮೇಲಕ್ಕೆ ಎಳೆದಳು. ಸುಕ್ಕು ಬಿಗಿದು ನೇರವಾಯಿತು.

"ಕೂದಲು ಸೇರಿಸ್ಬೇಡಿ, ನ್ಯಾನ್" ಎಂದಳು ಲಿಂಡ್ಸೆ. "ಸರಿಯಾದ ಅಳತೆ ಹೋಗ್ಲಿ."

ಕತ್ತರಿಸಿದ ನೂಲನ್ನು ಸುತ್ತಿ ಪತ್ರದ ಮಡಿಕೆಯೊಳಗಿಟ್ಟರು. ಪತ್ರ ಇಲಾಖೆಗೆ ಹೋಯಿತು. ಅಲ್ಲಿ ಯಾರು ಬಿಚ್ಚಿ ಓದಿದರೋ, ನೂಲನ್ನು ಒಳಗೇ ಬಿಟ್ಟರೋ, ಕಸದಬುಟ್ಟಿಗೆ ಹಾಕಿದರೋ ತಿಳಿಯಲಿಲ್ಲ. ಒಳಗೇ ಬಿಟ್ಟಿದ್ದರೂ ಅದು ಸೇರುವುದು ಕರ್ಸ್ಟಿಯ ಕೈಗೆ. ಹೆಣಿಗೆ ಕಡ್ಡಿ ಮುಟ್ಟದ ಹುಡುಗಿ ಅದನ್ನು ತಾಯಿಗೆ ಕೊಟ್ಟಳೋ, ಏನೋ ನೂಲು ಎಂದು ಎಸೆದಳೋ. ಉತ್ತರ ಬರೆಯುವ ಹಕ್ಕು ಐರೀನಳಿಗೆ ಇರಲಿಲ್ಲ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು.

ಗುರುವಾರಗಳಂದು ಬಟ್ಟಲು ತೊಳೆದಾದ ಮೇಲೆ ಥೆಲ್ಮಾ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಿದ್ದಳು. ಮೇಸಿ ಕಲ್ಲು ಆರಿಸಿ ತಂದು ಒಂದನ್ನು ಅವಳ ಕೈಗೆ ಕೊಡುತ್ತಿತ್ತು, ಇನ್ನೊಂದನ್ನು ಬೆಂಚಿನ ಖಾಲಿ ತುದಿಯ ಮೇಲೆ ಇಡುತ್ತಿತ್ತು. ಯಾಕೆ ಎಂದು ಅದಕ್ಕೇ ನೆನಪಿರಲಿಲ್ಲ. ಥೆಲ್ಮಾ ಆ ಕಲ್ಲುಗಳನ್ನು ತೆಗೆಯುತ್ತಿರಲಿಲ್ಲ. ಬಸ್ಸು ಬಂದು ಹೋದ ಮೇಲೆ ಮಗುವಿನ ಕೈ ಹಿಡಿದು ಮನೆಗೆ ಬರುತ್ತಿದ್ದಳು.